ಒಬ್ಬಳೇ ಇರುವುದು, ಒಂಟಿಯಾಗಿರುವುದು

ಹಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿಯರಿಗೆ ‘ನನ್ನ ತಾಯಿ’ ಎಂಬ ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ‘ಅಲೋನ್’ ಎಂದು ಒಬ್ಬ ಹುಡುಗಿ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ‘ಲೋನ್ಲಿ’ ಎಂದು ತಿದ್ದಿದೆ. ಮರುದಿನ ಅವಳು ಪುಸ್ತಕ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

“ಟೀಚರ್, ಲೋನ್ಲಿ ಅಂದರೆ ಏನು?”

“ಜೊತೆಗೆ ಯಾರೂ ಇಲ್ಲ ಅಂತ ಮನಸ್ಸಿಗೆ ಬೇಜಾರಾಗೋದು.”

“ಹಾಗಾದರೆ ಅದು ನಮ್ಮಮ್ಮನಿಗೆ ಸರಿಹೋಗಲ್ಲ ಟೀಚರ್. ಅಮ್ಮ ಬಟ್ಟೆ ಹೊಲೀತಾರೆ. ದಿನವಿಡೀ ಮನೆ ತುಂಬ ಜನ. ಎಲ್ಲಾನೂ ಒಬ್ಬರೇ ನಿಭಾಯಿಸ್ತಾರೆ ಅಂತ ನಾನು ಬರೆದದ್ದು.”

ನನಗೆ ನಾಚಿಕೆಯಾಯಿತು. ಗಂಡ ಸತ್ತವಳೆಂದರೆ ದುಃಖದಲ್ಲೇ ಇರಬೇಕೆಂದು ನಾನೇ ತೀರ್ಮಾನಿಸಿ, ಅವಳ ತಾಯಿಗೆ ಒಂದು ಪದ ಹೊರಿಸಿದ್ದೆ.

ಈ ಎರಡು ಪದಗಳು ಅಕ್ಕತಂಗಿಯರು. ‘ಆಲ್’ ಮತ್ತು ‘ವನ್’ ಸೇರಿ ‘ಅಲೋನ್’ ಆಯಿತು. ಅದರ ಮೊದಲ ಅಕ್ಷರ ಉದುರಿ ‘ಲೋನ್’, ಅದರಿಂದ ‘ಲೋನ್ಲಿ’. ಅಕ್ಕ ಹೇಳುವುದು ಸ್ಥಿತಿಯನ್ನು, ತಂಗಿ ಹೇಳುವುದು ನೋವನ್ನು. ಇನ್ನು ಕೆಲವು ಪದಗಳು ಒಡಹುಟ್ಟಿದವಲ್ಲ, ಬೇರೆ ಬೇರೆ ಮನೆಗಳಿಂದ ಬಂದ ಓರಗಿತ್ತಿಯರು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು, ಜನರ ಮಾತು ಇಂಗ್ಲಿಷಾಗಿಯೇ ಉಳಿಯಿತು, ಚರ್ಚು ಮತ್ತು ವಿದ್ವಾಂಸರು ಲ್ಯಾಟಿನ್ ಬಿಡಲಿಲ್ಲ. ಹೀಗೆ ‘ಕೇಳು’ ಎನ್ನುವುದಕ್ಕೆ ಮೂರು ಪದ: ಹಳೆಯ ಇಂಗ್ಲಿಷಿನ ‘ಆಸ್ಕ್’, ಫ್ರೆಂಚಿನಿಂದ ಬಂದ ‘ಕ್ವೆಶ್ಚನ್’, ಲ್ಯಾಟಿನ್ನಿನ ‘ಇಂಟರಾಗೇಟ್’. ತಾಯಿ ಮಗಳನ್ನು ಊಟವಾಯಿತೇ ಎಂದು ‘ಆಸ್ಕ್’ ಮಾಡುತ್ತಾಳೆ. ‘ಇಂಟರಾಗೇಟ್’ ಮಾಡುವುದು ಪೊಲೀಸರು. ನಮ್ಮಲ್ಲಿಯೂ ಇಲ್ಲವೇ? ಇರುವುದು ಮನೆಯಲ್ಲಿ, ಪೂಜೆಯ ದಿನ ಮಾತ್ರ ಅದು ಗೃಹ!

ಇಂಥ ಪದಗಳಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂದು 1794ರಲ್ಲೇ ಒಬ್ಬ ಹೆಂಗಸು ಎರಡು ಸಂಪುಟಗಳ ಪುಸ್ತಕ ಬರೆದಳು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಪುಸ್ತಕದ ಹೆಸರು ‘ಬ್ರಿಟಿಷ್ ಸಿನಾನಿಮಿ’. ಆಕೆ ಹೆಸ್ಟರ್ ಪಿಯೊಝಿ. 1763ರಲ್ಲಿ ಹೆನ್ರಿ ಥ್ರೇಲ್ ಎಂಬ ಲಂಡನ್ನಿನ ಸಿರಿವಂತ ಬಿಯರ್ ತಯಾರಕನ ಕೈಹಿಡಿದು 12 ಮಕ್ಕಳನ್ನು ಹೆತ್ತಳು. ಬೆಳೆದು ದೊಡ್ಡವರಾದವರು 4 ಹೆಣ್ಣುಮಕ್ಕಳು ಮಾತ್ರ. 1755ರಲ್ಲಿ ಪ್ರಖ್ಯಾತ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ವರ್ಷಗಟ್ಟಲೆ ಆ ಮನೆಯವನಂತೆಯೇ ಇದ್ದ. ಆತನ ಕಾಯಿಲೆ ಕಸಾಲೆಗಳಲ್ಲಿ ಆರೈಕೆ ಮಾಡಿದವಳು ಆಕೆಯೇ.

1781ರಲ್ಲಿ ಗಂಡ ತೀರಿಕೊಂಡ. 1784ರಲ್ಲಿ ಆಕೆ ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದ ಇಟಲಿಯ ಗೇಬ್ರಿಯಲ್ ಪಿಯೊಝಿಯನ್ನು ಮದುವೆಯಾಗಲು ನಿರ್ಧರಿಸಿದಳು. ಪರದೇಶಿ, ಕ್ಯಾಥಲಿಕ್, ಅದರ ಮೇಲೆ ಪಾಟಗಾರ! ಹೆಣ್ಣುಮಕ್ಕಳಿಗೆ ಸಮ್ಮತವಿರಲಿಲ್ಲ, ಗೆಳತಿಯರು ಮುಖ ತಿರುಗಿಸಿದರು. ಜಾನ್ಸನ್ ಪತ್ರ ಬರೆದ. ಪದಗಳ ತೂಕವನ್ನು ಬಲ್ಲ ಆತ ಆ ಮದುವೆಗೆ ಆರಿಸಿದ ಪದ ‘ಮಾನಗೇಡಿ’ ಎನ್ನುವಂಥದ್ದು. ಆಕೆ ಅಳುತ್ತ ಕೂರಲಿಲ್ಲ. ತನ್ನ ಎರಡನೆಯ ಗಂಡ ಹುಟ್ಟಿನಲ್ಲಾಗಲಿ, ಭಾವನೆಗಳಲ್ಲಾಗಲಿ, ವೃತ್ತಿಯಲ್ಲಾಗಲಿ ಮೊದಲಿನವನಿಗಿಂತ ಕೀಳಲ್ಲವೆಂದು ಮರುಪತ್ರ ಬರೆದಳು. ಜಾನ್ಸನ್ ಮೆತ್ತಗಾಗಿ ಆಕೆಯ ಉಪಕಾರ ನೆನೆದ. ಆದರೆ ಮತ್ತೆ ಇಬ್ಬರ ಭೇಟಿಯಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ಆತ ತೀರಿಕೊಂಡ.

ಹತ್ತು ವರ್ಷಗಳ ನಂತರ ಬಂದದ್ದು ಆಕೆಯ ಪುಸ್ತಕ. ಇಂಗ್ಲಿಷ್ ಕಲಿಯುವ ಪರದೇಶದ ಗೆಳೆಯರಿಗಾಗಿ ಬರೆದದ್ದು. ಬರವಣಿಗೆಯ ಶುದ್ಧಿಯನ್ನು ಗಂಡಸರು ಕಲಿಸಲಿ, ದಿನನಿತ್ಯದ ಮಾತಿಗೆ ಪದ ಆರಿಸುವ ಬಗೆಯನ್ನು ಹೇಳಿಕೊಡುವ ಯೋಗ್ಯತೆ ಬಹುಕಾಲದ ರೂಢಿಯಿಂದ ಹೆಂಗಸಿಗೂ ಬಂದಿರುತ್ತದೆ ಎಂಬುದು ಮುನ್ನುಡಿಯಲ್ಲಿ ಆಕೆ ಹೇಳುವ ಮಾತಿನ ಸಾರ. ಜಾರ್ಜ್ ಕ್ರ್ಯಾಬ್‌ನ ಸಮಾನಾರ್ಥಕ ಪದಗಳ ಪುಸ್ತಕ 1816ರಲ್ಲಿ, ನಮ್ಮ ಶಾಲೆಗಳಿಗೆಲ್ಲ ಪರಿಚಿತವಾದ ರೋಜೆಟ್‌ನ ಥೆಸಾರಸ್ 1852ರಲ್ಲಿ, ಎರಡೂ ಆಕೆಯ ಪುಸ್ತಕದ ನಂತರ ಬಂದವು.

ರೂಢಿ ಎಂದರೆ ಏನೆಂದು ನಮಗೆ ಗೊತ್ತು. ಬೀಗರೆದುರು ಯಾವ ಮಾತು, ಅತ್ತೆಯೆದುರು ಯಾವ ಮಾತು, ಬಾಣಂತಿಯ ಕೋಣೆಯಲ್ಲಿ ಯಾವ ಮಾತು ಎಂದು ನಾವು ದಿನವೂ ಆರಿಸಿ ತೂಗಿಯೇ ಆಡುವವರು. ಹಾಗಿದ್ದೂ ಇನ್ನೊಬ್ಬ ಹೆಂಗಸಿನ ಬಾಳಿಗೆ ಪದ ಹುಡುಕುವಾಗ ನಾವೇ ಎಡವುತ್ತೇವೆ. ‘ಪಾಪ’ ಎನ್ನುವುದು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕೆಂಪು ಶಾಯಿ ಅಳಿಸುವುದಿಲ್ಲ. ಆ ದಿನ ನಾನು ಬರೆದದ್ದನ್ನು ನಾನೇ ಹೊಡೆದು, ಪಕ್ಕದಲ್ಲಿ ಅವಳ ‘ಅಲೋನ್’ ಅನ್ನು ದುಂಡಗೆ ಬರೆದು ಸರಿ ಗುರುತು ಹಾಕಿದೆ. ಆ ಮೇಲೆ ಎಷ್ಟೋ ಸಾವಿರ ಪುಸ್ತಕ ತಿದ್ದಿದ್ದೇನೆ. ಇಂಥ ಜಾಗ ಬಂದಾಗ ಪೆನ್ನು ಕೆಳಗಿಟ್ಟು, ಬರೆದವಳನ್ನು ಒಮ್ಮೆ ಕರೆದು ಕೇಳುತ್ತೇನೆ.