ಒಂದು ತೊಟ್ಟು ರಕ್ತ, ಒಂದು ಚುಕ್ಕೆ: ಬೆಕ್ಕಿನ ಲ್ಯುಕೇಮಿಯಾ ಪರೀಕ್ಷೆಯ ಕಥೆ

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನು ಬಂತು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. "ಮಾಷ್ಟ್ರೇ, ನನ್ನ ಪುಚ್ಚೆಗೆ ಪಾಸಿಟಿವ್ ಬಂದಿದೆ. ಲ್ಯುಕೇಮಿಯಾ ವೈರಸ್ ಅಂತೆ. ನರಳಿ ಸಾಯುವುದಕ್ಕಿಂತ ಇಂಜೆಕ್ಷನ್ ಕೊಡಿಸಿಬಿಡು ಅಂತ ರೂಮಿನವರೆಲ್ಲ ಹೇಳ್ತಿದ್ದಾರೆ" ಎಂದು ಅತ್ತಳು. ಬೆಕ್ಕು ಹೇಗಿದೆ ಎಂದು ಕೇಳಿದೆ. "ಚೆನ್ನಾಗಿ ತಿನ್ತದೆ, ಆಡ್ತದೆ" ಎಂದಳು. (ಊರು ಬಿಟ್ಟು ಇಷ್ಟು ವರ್ಷವಾದರೂ ಪುಚ್ಚೆ ಎಂದೇ ಹೇಳುತ್ತಾಳಲ್ಲ, ಅದೊಂದು ಸಂತೋಷ. ಕಾಸರಗೋಡಿನ ನಮಗೆ ತುಳುವಿನ ಪುಚ್ಚೆ, ಮಲಯಾಳದ ಪೂಚ್ಚ, ಕನ್ನಡದ ಬೆಕ್ಕು ಮೂರೂ ಒಂದೇ ಅಂಗಳದಲ್ಲಿ ಓಡಾಡುತ್ತವೆ.)

ನಾನು ಪಶುವೈದ್ಯನಲ್ಲ, ಚರಿತ್ರೆಯ ಪಾಠ ಮಾಡುವವನು. ಆದರೂ ಎರಡು ದಿನ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ಈ ಕಾಯಿಲೆಯಲ್ಲಿ 'ಪಾಸಿಟಿವ್' ಎಂಬ ಪದಕ್ಕೇ ಒಂದು ಚರಿತ್ರೆಯಿದೆ. ಐವತ್ತು ವರ್ಷಗಳ ಹಿಂದೆ ಆ ಪದಕ್ಕಿದ್ದ ಅರ್ಥ ಈಗ ಇಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯಲ್ಲಿ ವಿಲಿಯಂ ಜಾರೆಟ್ ಎಂಬವರಿದ್ದರು. ಕರುಗಳ ಶ್ವಾಸಕೋಶ ಸೇರಿ ಕೊಲ್ಲುವ ಹುಳುವಿನ ವಿರುದ್ಧ ಲಸಿಕೆ ಕಂಡುಹಿಡಿದ ತಂಡದಲ್ಲಿ ಇದ್ದವರು ಇವರೇ. 1960ರ ದಶಕದ ಆರಂಭದಲ್ಲಿ, ಹಲವು ಬೆಕ್ಕುಗಳಿದ್ದ ಒಂದೇ ಮನೆಯಲ್ಲಿ ಬೆಕ್ಕಿನ ಮೇಲೆ ಬೆಕ್ಕು ದುಗ್ಧಗ್ರಂಥಿಯ ಕ್ಯಾನ್ಸರಿಗೆ ಬಲಿಯಾಗುತ್ತಿರುವ ಸಂಗತಿ ಅವರ ಕಿವಿಗೆ ಬಿತ್ತು. ಕ್ಯಾನ್ಸರ್ ಅಂಟುರೋಗವಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆ. ಕೋಳಿಯಲ್ಲಿ, ಇಲಿಯಲ್ಲಿ ವೈರಸ್‌ನಿಂದ ಕ್ಯಾನ್ಸರ್ ಬರುವುದು ಗೊತ್ತಿತ್ತು. ಆದರೆ ಅದೆಲ್ಲ ಪ್ರಯೋಗಾಲಯದ ವಿಶೇಷ ಎಂದು ತಳ್ಳಿಹಾಕುವವರೂ ಇದ್ದರು. ಜಾರೆಟ್ ತಂಡ ಗಡ್ಡೆಯ ಅಂಶವನ್ನು ಮರಿಗಳಿಗೆ ಚುಚ್ಚಿದಾಗ ಅವಕ್ಕೂ ಅದೇ ರೋಗ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಲಿಯ ಲ್ಯುಕೇಮಿಯಾ ವೈರಸ್‌ನಂಥದೇ ಕಣಗಳು! 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ವೈರಸ್ ಇದೆ ಎಂದು ಗೊತ್ತಾದರೆ ಸಾಕೆ? ಯಾವ ಬೆಕ್ಕಿನಲ್ಲಿದೆ ಎಂದು ತಿಳಿಯಬೇಡವೆ? ಅದಕ್ಕೆ ದಾರಿ ತೋರಿಸಿದವರು ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯ ವಿಲಿಯಂ ಹಾರ್ಡಿ. ಗಾಜಿನ ತುಂಡಿನ ಮೇಲೆ ಒಂದು ತೊಟ್ಟು ರಕ್ತ ಸವರಿ ಒಣಗಿಸಿ, ವೈರಸ್‌ನ ಪ್ರೋಟೀನಿಗೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಹಾಕಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಿಳಿ ರಕ್ತಕಣಗಳು ಹೊಳೆದರೆ ವೈರಸ್ ಇದೆ. ಈ ಪರೀಕ್ಷೆಯಿಂದಲೇ 1973ರಲ್ಲಿ ಅವರು ವೈರಸ್ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ ಎಂದು ತೋರಿಸಿದರು. ಪರಸ್ಪರ ನೆಕ್ಕುವುದು, ಒಂದೇ ಬಟ್ಟಲಲ್ಲಿ ತಿನ್ನುವುದು, ಕಚ್ಚಾಟ, ತಾಯಿಯಿಂದ ಮರಿಗೆ. ಮುಖ್ಯ ವಾಹನ ಜೊಲ್ಲು. ಹೊರಗಿನ ಗಾಳಿಯಲ್ಲಿ ಈ ವೈರಸ್ ಹೆಚ್ಚು ಹೊತ್ತು ಬದುಕದು, ಸಾಬೂನು ನೀರಿಗೇ ಸಾಯುತ್ತದೆ.

ಪರೀಕ್ಷೆ ಬಂದದ್ದೇ ತಡ, ಅದರ ಹಿಂದೆಯೇ 'ಪರೀಕ್ಷಿಸು, ಹೊರಹಾಕು' ಎಂಬ ಕ್ರಮ ಬಂತು. ಸೋಂಕಿನ ಬೆಕ್ಕುಗಳನ್ನು ಮನೆಯಿಂದ ತೆಗೆದರೆ ಉಳಿದವು ಸೋಂಕಿಲ್ಲದೆ ಉಳಿಯುತ್ತವೆ ಎಂದು 1976ರಲ್ಲಿ ಹಾರ್ಡಿ ತಂಡ ತೋರಿಸಿತು. ಅದು ನಿಜವೂ ಹೌದು. ಅಮೆರಿಕ, ಯುರೋಪುಗಳಲ್ಲಿ ಮುಂದೆ ಈ ಸೋಂಕು ಇಳಿದದ್ದರಲ್ಲಿ ಪರೀಕ್ಷೆಯ ಪಾಲು ದೊಡ್ಡದು. ಆದರೆ 'ಹೊರಹಾಕು' ಎಂದರೆ ಎಲ್ಲಿಗೆ? ಬಹಳ ಸಲ ಇಂಜೆಕ್ಷನ್ನಿಗೇ. ಮೈಯಲ್ಲಿ ಯಾವ ರೋಗವೂ ಕಾಣದ, ಬಿಸಿಲಿಗೆ ಮಲಗಿದ್ದ ಬೆಕ್ಕುಗಳೂ ಹೀಗೆ ಹೋದವು. ಇದಕ್ಕೆ ಇನ್ನೊಂದು ಹೆದರಿಕೆಯೂ ಸೇರಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳಲ್ಲಿ ಈ ವೈರಸ್ ಬೆಳೆಯುತ್ತದೆ ಎಂದು 1969ರಲ್ಲಿ ಗೊತ್ತಾಗಿತ್ತು. ಮಕ್ಕಳಿಗೆ ಬಂದರೆ? ಆಮೇಲೆ ಎಷ್ಟು ಹುಡುಕಿದರೂ ಬೆಕ್ಕಿನಿಂದ ಮನುಷ್ಯನಿಗೆ ಈ ರೋಗ ಬಂದದ್ದು ಸಿಕ್ಕಿಲ್ಲ. ಈ ಮಾತನ್ನು ತಾಯಂದಿರು ಓದಲಿ ಎಂದೇ ಒತ್ತಿ ಬರೆಯುತ್ತಿದ್ದೇನೆ.

ಈ ಬೆಕ್ಕುಗಳ ಋಣ ನಮ್ಮ ಮೇಲೂ ಇದೆ. ವೈರಸ್ ಕ್ಯಾನ್ಸರ್ ತರುವುದಲ್ಲದೆ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಅದರ ಮೇಲೆ ಕೆಲಸ ಮಾಡಿದವರಲ್ಲಿ ಹಾರ್ವರ್ಡಿನ ಮ್ಯಾಕ್ಸ್ ಎಸೆಕ್ಸ್ ಒಬ್ಬರು, ಪಶುವೈದ್ಯ ಪದವೀಧರರು. ಏಡ್ಸ್ ಕಾಣಿಸಿಕೊಂಡಾಗ ಇದೂ ರೆಟ್ರೊವೈರಸ್ ಇರಬಹುದು ಎಂದು ಮೊದಮೊದಲು ಶಂಕಿಸಿದವರಲ್ಲಿ ಅವರೂ ಇದ್ದರು.

ಮತ್ತೆ ಪರೀಕ್ಷೆಗೆ ಬರೋಣ. ಮುಂದೆ ಎಲಿಸಾ ವಿಧಾನ ಬಂತು. ರಕ್ತದಲ್ಲಿ ತೇಲುವ 'ಪಿ27' ಎಂಬ ವೈರಸ್ ಪ್ರೋಟೀನನ್ನು ಹಿಡಿಯುವ ಸಣ್ಣ ಕಿಟ್. ಕೆಲವೇ ನಿಮಿಷಗಳಲ್ಲಿ ವೈದ್ಯರ ಮೇಜಿನ ಮೇಲೇ ಬಣ್ಣದ ಚುಕ್ಕೆ ಮೂಡುತ್ತದೆ. ನನ್ನ ಶಿಷ್ಯೆ ನೋಡಿದ್ದೂ ಅಂಥದೇ ಚುಕ್ಕೆ. ಅನುಕೂಲವೇನೋ ಆಯಿತು, ಜೊತೆಗೆ ಗೊಂದಲವೂ ಬಂತು. ಕಿಟ್ಟಿನಲ್ಲಿ ಪಾಸಿಟಿವ್ ಆದ ಕೆಲವು ಬೆಕ್ಕುಗಳು ಹಾರ್ಡಿಯವರ ಹಳೆಯ ಪರೀಕ್ಷೆಯಲ್ಲಿ ನೆಗೆಟಿವ್! ಕೆಲವು ಬೆಕ್ಕುಗಳು ಕೆಲವು ವಾರಗಳ ನಂತರ ತಾವಾಗಿಯೇ ನೆಗೆಟಿವ್ ಆದವು. ಕಾರಣವೇನೆಂದರೆ, ಸೋಂಕು ತಗಲಿದ ಬೆಕ್ಕುಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ವೈರಸ್ಸನ್ನು ಆರಂಭದಲ್ಲೇ ಹೊಡೆದೋಡಿಸುತ್ತವೆ. ಕೆಲವು ಅದನ್ನು ಹತ್ತಿಕ್ಕಿ ಮೂಲೆಗೆ ತಳ್ಳುತ್ತವೆ. ಉಳಿದವುಗಳಲ್ಲಿ ಅದು ಎಲುಬಿನ ಮಜ್ಜೆ ಸೇರಿ ಬೆಳೆಯುತ್ತಲೇ ಹೋಗುತ್ತದೆ. ಎಳೆಯ ಮರಿಗಳಿಗೆ ಈ ಮೂರನೆಯ ಅಪಾಯ ಹೆಚ್ಚು, ಬೆಳೆದ ಬೆಕ್ಕುಗಳಿಗೆ ಕಡಿಮೆ.

ಮೂಲೆಗೆ ತಳ್ಳಿದ ವೈರಸ್ ಸತ್ತಿರುವುದಿಲ್ಲ. ಚೇತರಿಸಿಕೊಂಡ ಬೆಕ್ಕುಗಳ ಮಜ್ಜೆಯಲ್ಲಿ ಅಡಗಿದ್ದ ವೈರಸ್ಸನ್ನು ಮತ್ತೆ ಎಬ್ಬಿಸಬಹುದೆಂದು 1982ರಲ್ಲಿ ತಿಳಿಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡ 2001ರಲ್ಲಿ ಪಿಸಿಆರ್ ವಿಧಾನದಿಂದ ನೋಡಿದಾಗ, ಪಿ27 ನೆಗೆಟಿವ್ ಬಂದ ಬೆಕ್ಕುಗಳಲ್ಲಿ ಸುಮಾರು ನೂರಕ್ಕೆ 10ರಷ್ಟರ ಜೀವಕೋಶಗಳಲ್ಲಿ ವೈರಸ್‌ನ ವಂಶವಾಹಿ ಸೇರಿಕೊಂಡಿತ್ತು. ಅಂದರೆ ನೆಗೆಟಿವ್ ಕೂಡ ಪೂರ್ತಿ ನೆಗೆಟಿವ್ ಅಲ್ಲ! ಆದರೂ ಅಂಥ ಬೆಕ್ಕುಗಳಲ್ಲಿ ಹೆಚ್ಚಿನವು ರೋಗವಿಲ್ಲದೆ ಬದುಕುತ್ತವೆ, ಸಾಮಾನ್ಯವಾಗಿ ಜೊಲ್ಲಿನಿಂದ ಹರಡುವುದೂ ಇಲ್ಲ.

ಇನ್ನು ಕಿಟ್ಟಿನ ತಪ್ಪು. ಏಳನೇ ತರಗತಿಯ ಶೇಕಡಾವಾರು ಲೆಕ್ಕ ಸಾಕು. 1000 ಬೆಕ್ಕುಗಳಲ್ಲಿ 10ಕ್ಕೆ ಮಾತ್ರ ಸೋಂಕು ಇದೆ ಎಂದಿಟ್ಟುಕೊಳ್ಳಿ. ಕಿಟ್ ಸೋಂಕಿಲ್ಲದ ಬೆಕ್ಕುಗಳಲ್ಲಿ ನೂರಕ್ಕೆ ಎರಡನ್ನು ಮಾತ್ರ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎನ್ನೋಣ. 990ರಲ್ಲಿ ಸುಮಾರು 20 ತಪ್ಪು ಪಾಸಿಟಿವ್. ನಿಜವಾದ 10ನ್ನೂ ಅದು ಹಿಡಿದರೆ ಒಟ್ಟು 30. ಆ 30ರಲ್ಲಿ ಮೂರನೇ ಎರಡು ಪಾಲು ಸೋಂಕೇ ಇಲ್ಲದವು! (ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು.) ಹಾಗೆಂದು ಕಿಟ್ ಕೆಟ್ಟದ್ದು ಎಂದಲ್ಲ. ಸೋಂಕು ಅಪರೂಪವಾದಷ್ಟೂ ಪಾಸಿಟಿವ್ ಮೇಲೆ ಅನುಮಾನ ಜಾಸ್ತಿ ಇರಬೇಕು, ಅಷ್ಟೆ. ಅದರಲ್ಲೂ ಆರೋಗ್ಯವಾಗಿ ಕಾಣುವ ಬೆಕ್ಕಿಗೆ ಬಂದಾಗ. ಆದ್ದರಿಂದಲೇ ಪಾಸಿಟಿವ್ ಬಂದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿ, ಸಮಯ ಬಿಟ್ಟು ಮತ್ತೆ ನೋಡಿ ಎಂದು ಪಶುವೈದ್ಯರ ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಒಂದು ಚುಕ್ಕೆ ನೋಡಿ ಕೊಲ್ಲಬೇಡಿ ಎಂದೂ ಹೇಳುತ್ತವೆ.

ಸೋಂಕು ನಿಜವಾಗಿಯೂ ಉಳಿದುಕೊಂಡರೆ? ಅದನ್ನು ಮುಚ್ಚಿಡಬಾರದು. 1980ರಲ್ಲಿ ಪ್ರಕಟವಾದ ಹಾರ್ಡಿ ತಂಡದ ಅಧ್ಯಯನದಲ್ಲಿ, ಮೊದಲಿಗೆ ಆರೋಗ್ಯವಾಗಿಯೇ ಇದ್ದ ಸೋಂಕಿತ ಬೆಕ್ಕುಗಳಲ್ಲಿ ನೂರಕ್ಕೆ 83 ಮೂರೂವರೆ ವರ್ಷದೊಳಗೆ ಸತ್ತಿದ್ದವು. ಸೋಂಕಿಲ್ಲದವುಗಳಲ್ಲಿ 16. ರಕ್ತಹೀನತೆ, ಕ್ಯಾನ್ಸರ್, ಬೇರೆ ಬೇರೆ ಸೋಂಕುಗಳು. ವೈರಸ್ಸನ್ನು ಪೂರ್ತಿ ತೆಗೆಯುವ ಔಷಧ ಇಲ್ಲ. ಆದರೆ ಆ ಲೆಕ್ಕ ಹಲವು ಬೆಕ್ಕುಗಳಿರುವ ಮನೆಗಳದ್ದು. ಒಂಟಿಯಾಗಿ, ಮನೆಯೊಳಗೇ, ಒಳ್ಳೆಯ ಆರೈಕೆಯಲ್ಲಿರುವ ಬೆಕ್ಕು ಅದಕ್ಕಿಂತ ಹೆಚ್ಚು ವರ್ಷ ಬದುಕುವುದುಂಟು. ಸಂತಾನಹರಣ ಮಾಡಿಸಿ ಹೊರಗಿನ ತಿರುಗಾಟ ನಿಲ್ಲಿಸಿದರೆ ಬೇರೆ ಬೆಕ್ಕುಗಳೂ ಉಳಿಯುತ್ತವೆ.

ಲಸಿಕೆ ಅಮೆರಿಕದಲ್ಲಿ 1985ರಲ್ಲೇ ಬಂತು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಹಾಕಿಸುವ 'ತ್ರೀ ಇನ್ ಒನ್' ಬೇರೆಯೇ ಮೂರು ರೋಗಗಳಿಗೆ. ಅದರಲ್ಲಿರುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ಹೆಸರನ್ನು ಲ್ಯುಕೇಮಿಯಾ ಎಂದುಕೊಂಡು ನೆಮ್ಮದಿಯಾಗಿರುವವರು ಇದ್ದಾರೆ. ನನ್ನ ಶಿಷ್ಯೆಯೂ ಹಾಗೇ ತಿಳಿದಿದ್ದಳು.

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ಹೇಳಿದೆ, ನನ್ನನ್ನು ನಂಬಬೇಡ, ಡಾಕ್ಟರನ್ನು ಕೇಳು ಎಂದೂ ಹೇಳಿದೆ. ಕೇಳಿದಳು. ಅವರು ಪಿಸಿಆರ್‌ಗೆ ರಕ್ತ ಕಳಿಸಿದ್ದಾರಂತೆ, ಕಿಟ್ಟಿನಲ್ಲೂ ಇನ್ನೊಮ್ಮೆ ನೋಡೋಣ ಎಂದಿದ್ದಾರಂತೆ. ಫಲಿತಾಂಶ ಇನ್ನೂ ಬಂದಿಲ್ಲ. ಪುಚ್ಚೆ ಸದ್ಯಕ್ಕೆ ಅವಳ ಕೋಣೆಯಲ್ಲೇ ಇದೆ, ಅದಕ್ಕೆಂದೇ ಬೇರೆ ಬಟ್ಟಲು ಇಟ್ಟಿದ್ದಾಳೆ. ನಿನ್ನೆ ಕಿಟಕಿಯ ಪರದೆ ಹರಿದು ಹಾಕಿತು ಎಂದು ದೂರು ಹೇಳಿದಳು.