ಮಾಳಿಗೆ ಎಲ್ಲರದು, ಕರಾರು ಯಾರದು?

ಮುಂಬಯಿಯಲ್ಲಿ ಟೆರೇಸ್ ಸೋರಿದಾಗ ವಾಟರ್‌ಪ್ರೂಫಿಂಗ್ ಕಾಂಟ್ರಾಕ್ಟರನ ಜೊತೆ ಲಿಖಿತ ಕರಾರು ಮಾಡಿಕೊಳ್ಳುವುದು ಇವತ್ತು ಹೌಸಿಂಗ್ ಸೊಸೈಟಿಗಳ ವಾಡಿಕೆ. ಈ ವಾಡಿಕೆ ಹೇಗೆ ಬಂತು ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಮೊದಲು ಮಾತಿಗೆ ಬೆಲೆಯಿತ್ತು, ಈಗ ನಂಬಿಕೆ ಹೋಯಿತು, ಅದಕ್ಕೇ ಕಾಗದ ಬಂತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಗರದ ನೂರು ವರ್ಷಗಳ ವಸತಿ ಚರಿತ್ರೆಯನ್ನು ನೋಡಿದರೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ಮನೆಯ ಮಾಡಿಗೆ ಒಬ್ಬನೇ ಯಜಮಾನ ಇರುವ ಕಾಲ ಮುಗಿಯಿತು. ಇನ್ನೊಂದು, ಮಾಡಿನ ಕೆಲಸವೇ ಕಣ್ಣಿಗೆ ಕಾಣದಂತೆ ಗಾರೆಯೊಳಗೆ ಹೂತುಹೋಯಿತು. ಕರಾರುಪತ್ರ ಹುಟ್ಟಿದ್ದು ಈ ಎರಡರಿಂದ.

ಹಂಚಿನ ಮಾಡಿಗೆ ಕಾಗದ ಬೇಕಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿನ ಹಂಚು ಸಮುದ್ರದ ದಾರಿಯಲ್ಲಿ ಮುಂಬಯಿಗೂ ಹೋಯಿತು. ಮಳೆಗಾಲಕ್ಕೆ ಮುಂಚೆ ಆಳು ಬಂದು ಹಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಕೂಲಿ ತೆಗೆದುಕೊಂಡು ಹೋಗುತ್ತಿದ್ದ. ಕೆಲಸ ಕೆಟ್ಟಿದ್ದರೆ ಮೊದಲ ಮಳೆಗೇ ಗೊತ್ತಾಗುತ್ತಿತ್ತು. ಮುಂದಿನ ವರ್ಷ ಅವನೇ ಬರಬೇಕಾದ್ದರಿಂದ ಲೆಕ್ಕ ಅಲ್ಲೇ ಸರಿಹೋಗುತ್ತಿತ್ತು. ಸಿಮೆಂಟಿನ ಸಪಾಟು ಮಾಳಿಗೆ ಬಂದಾಗ ಈ ವಾರ್ಷಿಕ ಸಂಬಂಧ ಕಡಿಯಿತು. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು ಹಾಸಿ ಗಾರೆ ತುಂಬುವ ಬ್ರಿಕ್ ಬ್ಯಾಟ್ ಕೋಬಾ ವರ್ಷಗಟ್ಟಲೆ ಬಾಳಬೇಕಾದ ಕೆಲಸ. ಅದರ ತಪ್ಪು ಹೊರಬೀಳುವ ಹೊತ್ತಿಗೆ ಮಾಡಿದ ಮೇಸ್ತ್ರಿ ಎಲ್ಲಿರುತ್ತಾನೋ, ಮಾಡಿಸಿದವರು ಯಾರೋ.

ಮಾಡಿಸುವವರು ಒಬ್ಬರಲ್ಲ ಹಲವರು ಎಂಬ ಸ್ಥಿತಿ ಮುಂಬಯಿಯಲ್ಲಿ ಶುರುವಾದದ್ದರಲ್ಲಿ ನಮ್ಮ ಉತ್ತರ ಕನ್ನಡದವರ ಪಾಲು ದೊಡ್ಡದು. 1862ರಲ್ಲಿ ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಶಿರಾಲಿಯ ಚಿತ್ರಾಪುರ ಮಠಕ್ಕೆ ನಡೆದುಕೊಳ್ಳುವ ಸಾರಸ್ವತರು ಓದಿಗೂ ಗುಮಾಸ್ತಿಕೆಗೂ ಅಲ್ಲಿಗೆ ಹೋದರು. ಅವರಲ್ಲಿ ಒಬ್ಬರಾದ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕನ್ನೂ 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಸಾಲ ಕೊಡದ ಸಂಘಗಳಿಗೂ ನೋಂದಣಿಯ ಅವಕಾಶ ಕೊಟ್ಟ 1912ರ ಸಹಕಾರಿ ಕಾಯ್ದೆ ಇದಕ್ಕೆ ದಾರಿ ಮಾಡಿತ್ತು. ಗಾಮದೇವಿಯ ಪದ್ಧತಿಯಲ್ಲಿ ಕಟ್ಟಡ ಸಂಘದ್ದು, ಸದಸ್ಯರು ಅದರ ಪಾಲುದಾರರೂ ಹೌದು, ಬಾಡಿಗೆದಾರರೂ ಹೌದು. ಇಲ್ಲಿ ರಿಪೇರಿಗೆ ಖರ್ಚಾಗುವ ದುಡ್ಡು ಕಮಿಟಿಯವರ ಸ್ವಂತದ್ದಲ್ಲ. ಪ್ರತಿ ವರ್ಷ ಆಡಿಟರನ ಮುಂದೆಯೂ ಸದಸ್ಯರ ಸಭೆಯ ಮುಂದೆಯೂ ಲೆಕ್ಕ ಇಡಬೇಕು. ಕಾಂಟ್ರಾಕ್ಟರನ ಮೇಲೆ ಪೂರ್ತಿ ನಂಬಿಕೆಯಿದ್ದರೂ ಕಾಗದ ಬೇಕಾಗುವುದು ಇಲ್ಲಿಯೇ. ಅದು ಅವನಿಗೆ ಹಾಕಿದ ಕಟ್ಟು ಎನ್ನುವುದಕ್ಕಿಂತ ಮೊದಲು ಕಮಿಟಿ ತನ್ನ ಸದಸ್ಯರಿಗೆ ಕೊಟ್ಟ ಉತ್ತರ.

ಇದಕ್ಕೆ ಎದುರಾದ ಉದಾಹರಣೆ ಅದೇ ನಗರದ ಚಾಳುಗಳಲ್ಲಿ ಸಿಗುತ್ತದೆ. 1947ರ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ರಿಪೇರಿಯ ಹೊಣೆ ಕಾನೂನಿನಲ್ಲಿ ಮಾಲೀಕನದೇ ಆದರೂ ಆ ಬಾಡಿಗೆಯಲ್ಲಿ ಅವನು ಕೈಹಾಕಲಿಲ್ಲ. ಪಗಡಿ ಎಂಬ ಇಡಿಗಂಟು ಕೊಟ್ಟು ಬಂದ ಬಾಡಿಗೆದಾರನ ಕೈಯಲ್ಲಿ ರಸೀದಿ ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಹತ್ತಾರು ಸಂಸಾರಗಳು ಒಂದೇ ಮಾಡಿನಡಿ ಇದ್ದರೂ ಕರಾರಿಗೆ ಸಹಿ ಹಾಕುವ ಅಧಿಕಾರ ಯಾರಿಗೂ ಇರಲಿಲ್ಲ. ಗೋಡೆಗಳು ಕುಸಿಯತೊಡಗಿದ ಮೇಲೆ 1969ರ ಕಾಯ್ದೆಯಿಂದ ರಿಪೇರಿ ಮಂಡಳಿ ಬಂತು; 19,600ಕ್ಕೂ ಹೆಚ್ಚು ಕಟ್ಟಡಗಳು ರಿಪೇರಿಗಾಗಿ ವಿಧಿಸಿದ ಸೆಸ್ಸಿನ ವ್ಯಾಪ್ತಿಗೆ ಸೇರಿದವು. ಅಲ್ಲಿ ಕಾಂಟ್ರಾಕ್ಟರನ ಜೊತೆ ಕರಾರು ಮಾಡಿಕೊಂಡದ್ದು ಮಂಡಳಿ. ಸೋರಿಕೆಯ ಕೆಳಗೆ ಮಲಗುವವನು ಆ ಕರಾರಿನ ಪಕ್ಷಗಾರನೇ ಅಲ್ಲ. ಕೆಲಸ ಹಾಳಾದರೆ ಅವನು ದೂರು ಕೊಡಬಲ್ಲ, ಹಕ್ಕಿನಿಂದ ಕೇಳಲಾರ. ಕಾಗದ ಇದ್ದರೆ ಸಾಲದು, ಅದರಲ್ಲಿ ಯಾರ ಹೆಸರಿದೆ ಎಂಬುದೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸ್ವಂತ ಫ್ಲ್ಯಾಟಿನ ಕಾಲದಲ್ಲಿ ಕಾನೂನು ಮೊದಲು ಬಿಲ್ಡರನನ್ನು ಹಿಡಿಯಿತು. 1963ರ ಮಹಾರಾಷ್ಟ್ರ ಫ್ಲ್ಯಾಟ್ ಕಾಯ್ದೆ ಬೆಲೆಯ ಶೇ. 20ಕ್ಕಿಂತ ಹೆಚ್ಚು ಮುಂಗಡ ಪಡೆಯುವ ಮುನ್ನ ಲಿಖಿತ ಒಪ್ಪಂದ ಆಗಲೇಬೇಕೆಂದಿತು. ಸ್ವಾಧೀನ ಕೊಟ್ಟ ಮೂರು ವರ್ಷದೊಳಗೆ ಕಂಡ ದೋಷವನ್ನು ಬಿಲ್ಡರ್ ಸರಿಪಡಿಸಬೇಕೆಂದಿತು. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಆ ಮುಂಗಡದ ಮಿತಿಯನ್ನು ಶೇ. 10ಕ್ಕೆ ಇಳಿಸಿ, ದೋಷದ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಆದರೆ ಮುಂಬಯಿಯ ಮಾಳಿಗೆಗಳು ಸೋರುವುದು ಹೆಚ್ಚಾಗಿ ಈ ಅವಧಿ ಕಳೆದ ಮೇಲೆ. ಅಲ್ಲಿಂದ ಮುಂದೆ ಕಟ್ಟಡಕ್ಕೆ ಆಸರೆ ಸೊಸೈಟಿ ತಾನೇ ಬರೆಸಿಕೊಂಡ ಕರಾರು ಮಾತ್ರ.

ಆ ಕರಾರಿನಲ್ಲಿ ಏನಿರಬೇಕು? ಜನ ಮೊದಲು ಹುಡುಕುವುದು ಸ್ಟ್ಯಾಂಪ್ ಪೇಪರಿನ ಮೇಲಿನ ಹತ್ತು ವರ್ಷದ ಗ್ಯಾರಂಟಿಯನ್ನು. ನನಗೆ ಅದಕ್ಕಿಂತ ಕೆಲಸದ ವಿವರಣೆಯೇ ದೊಡ್ಡದು. ಹಳೆಯ ಕೋಬಾವನ್ನು ಸ್ಲ್ಯಾಬಿನವರೆಗೆ ಒಡೆದು ತೆಗೆಯುತ್ತಾರೋ, ಅದರ ಮೇಲೆಯೇ ಹೊಸದು ಹಾಕುತ್ತಾರೋ? ನೀರು ಡೌನ್‌ಟೇಕ್ ಪೈಪಿನತ್ತ ಹರಿಯಲು ಇಳಿಜಾರು ಎಷ್ಟು? ಪ್ಯಾರಪೆಟ್ ಗೋಡೆ ಟೆರೇಸನ್ನು ಕೂಡುವ ಮೂಲೆಯಲ್ಲಿ ಗಾರೆಯನ್ನು ದುಂಡಗೆ ತಿರುಗಿಸಿ ಕಟ್ಟುವ ವಾಟಾ ಅಳತೆಯಲ್ಲಿ ಸೇರಿದೆಯೋ ಇಲ್ಲವೋ? ನೀರು ಒಳನುಗ್ಗುವುದು ಬಹಳ ಸಲ ಅದೇ ಮೂಲೆಯಿಂದ, ಮತ್ತು ಜಗಳ ಹತ್ತುವುದೂ ಅಲ್ಲಿಯೇ: ಗೋಡೆ ನನ್ನ ಕೆಲಸವಲ್ಲ ಎಂದು ಕಾಂಟ್ರಾಕ್ಟರ್, ಅದಿಲ್ಲದೆ ವಾಟರ್‌ಪ್ರೂಫಿಂಗ್ ಎಂಥದು ಎಂದು ಸೊಸೈಟಿ. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಟೆರೇಸಿನಲ್ಲಿ ನೀರು ಕಟ್ಟಿ ಎರಡು ಮೂರು ದಿನ ನಿಲ್ಲಿಸಿ ಕೆಳಮನೆಯ ಸೀಲಿಂಗ್ ನೋಡುವ ಪರೀಕ್ಷೆ, ಅದು ಮುಗಿದ ಮೇಲೂ ಕೆಲಕಾಲ ಬಿಲ್ಲಿನ ಒಂದು ಪಾಲನ್ನು ತಡೆಹಿಡಿಯುವ ಷರತ್ತು, ಇವು ಬರಹದಲ್ಲಿದ್ದರೆ ಗಾರೆಯೊಳಗೆ ಹೂತ ಕೆಲಸಕ್ಕೆ ಮತ್ತೆ ಕಣ್ಣು ಬರುತ್ತದೆ.

ಗ್ಯಾರಂಟಿ ಕೊಟ್ಟ ಸಂಸ್ಥೆ ಬೋರ್ಡು ಬದಲಿಸಿ ಮಾಯವಾದರೆ ಕಾಗದ ಏನು ಮಾಡೀತು ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ತಡೆಹಿಡಿದ ಹಣ ಮಾತ್ರ ಆಗ ಸೊಸೈಟಿಯ ಕೈಯಲ್ಲಿ ಉಳಿಯುತ್ತದೆ. ಅದಕ್ಕೇ ಗ್ಯಾರಂಟಿಗಿಂತ ಆ ಷರತ್ತಿನ ಮೇಲೆ ನನ್ನ ಭರವಸೆ. ಇನ್ನೊಂದು ಆಕ್ಷೇಪ ವಕೀಲರದು: 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಿಂಧು. ಹೌದು. ಆದರೆ ಸೊಸೈಟಿ ಕಮಿಟಿಯ ಅವಧಿ ಐದು ವರ್ಷ, ಗ್ಯಾರಂಟಿಯ ಅವಧಿ ಹತ್ತು. ಮಾತು ಕೇಳಿಸಿಕೊಂಡ ಕಾರ್ಯದರ್ಶಿ ಫ್ಲ್ಯಾಟ್ ಮಾರಿ ಹೋಗಿರಬಹುದು. ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ: ಕರಾರು ಬರುವುದು ಇಂಗ್ಲಿಷಿನಲ್ಲಿ, ತಲೆಯ ಮೇಲೆ ಇಟ್ಟಿಗೆ ಚೂರು ಹೊತ್ತು ಏರುವ ಕೂಲಿಯವರಿಗೆ ಅದರಲ್ಲಿ ಜಾಗವೇ ಇಲ್ಲ. ಇದು ನಿಜವಾದ ಕೊರತೆ. ಆದರೂ ಹೆಚ್ಚುವರಿ ಕೆಲಸದ ದರ, ಯಾವ ಹಂತಕ್ಕೆ ಎಷ್ಟು ಹಣ ಎಂಬುದು ಬರಹದಲ್ಲಿದ್ದಾಗ ಸಣ್ಣ ಕಾಂಟ್ರಾಕ್ಟರನಿಗೆ ಹಣ ಹೊತ್ತಿಗೆ ಸಿಗುತ್ತದೆ, ಕೂಲಿ ಬಾಕಿ ಉಳಿಸಲು ಅವನಿಗೆ ನೆಪ ಕಡಿಮೆಯಾಗುತ್ತದೆ. ಮಳೆಯೇ ನೈಸರ್ಗಿಕ ವಿಕೋಪ ಎಂದು ಹೊಣೆ ಕಳಚಿಕೊಳ್ಳುವ ಷರತ್ತನ್ನು ಮಾತ್ರ ಒಪ್ಪಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದ 944 ಮಿ.ಮೀ. ಮಳೆ ವಿಕೋಪವೇ ಸರಿ. ಪ್ರತಿ ಜೂನ್‌ನ ಮಳೆ ಹಾಗಲ್ಲ.

ಇಷ್ಟೆಲ್ಲ ಟೆರೇಸಿನ ಮಾತು. ಫ್ಲ್ಯಾಟಿನೊಳಗೆ ಬಂದರೆ ಚರಿತ್ರೆ ಇನ್ನೂ ಹಂಚಿನ ಕಾಲದಲ್ಲೇ ಇದೆ. ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ ಟೆರೇಸಿನ ಸೋರಿಕೆ ಸೊಸೈಟಿಯ ಖರ್ಚು, ಬಚ್ಚಲು ಶೌಚಾಲಯಗಳ ಒಳಸೋರಿಕೆ ಆಯಾ ಸದಸ್ಯನ ಖರ್ಚು. ಮೇಲ್ಮನೆಯವರು ಬಚ್ಚಲು ಕಿತ್ತು ಹೊಸ ಟೈಲ್ಸ್ ಹಾಕಿಸುವಾಗ ಸಭೆ ಇಲ್ಲ, ಟೆಂಡರ್ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ದರವೇ ಕರಾರು. ಕೆಳಮನೆಯ ಸೀಲಿಂಗ್ ಒದ್ದೆಯಾದ ದಿನ ಟೈಲ್ಸಿನಡಿ ಏನು ಹಾಕಿದ್ದಾರೆಂದು ಹೇಳುವ ಒಂದು ಚೀಟಿಯೂ ಸಿಗುವುದಿಲ್ಲ. ಒಳಗಿನ ಕೆಲಸಕ್ಕೆ ಸೊಸೈಟಿಯ ಅನುಮತಿ ಕೇಳುವ ಅರ್ಜಿಗಳು ಈಗಾಗಲೇ ಇವೆ. ಬಚ್ಚಲಿನ ವಾಟರ್‌ಪ್ರೂಫಿಂಗ್‌ನ ಲಿಖಿತ ವಿವರಣೆಯನ್ನೂ ನೀರು ನಿಲ್ಲಿಸಿ ನೋಡಿದ ದಿನಾಂಕವನ್ನೂ ಆ ಅರ್ಜಿಗೆ ಲಗತ್ತಿಸುವಂತೆ ಸಾಮಾನ್ಯ ಸಭೆ ಠರಾವು ಮಾಡಬಹುದು. ಆಗ ಅದರ ಒಂದು ಪ್ರತಿ ಕೆಳಮನೆಯವರಿಗೂ ಸಲ್ಲಬೇಕು, ಏಕೆಂದರೆ ಆ ಕೆಲಸದ ಫಲ ಉಣ್ಣುವವರು ಅವರೇ.