ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತ ನಿರ್ವಹಣೆಯ ದೋಷಗಳು

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತ ನಿರ್ವಹಣೆಯ ದೋಷಗಳು ಎಂದರೆ, ವಿಂಡೋಸ್ ಮುಂತಾದ ಕಾರ್ಯಾಚರಣಾ ವ್ಯವಸ್ಥೆಗಳಿಗಾಗಿ ಬರೆದ ತಂತ್ರಾಂಶವನ್ನು ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಓಎಸ್ ಮೊದಲಾದವುಗಳಿಗೆ ಒಗ್ಗಿಸುವಾಗ ಕಡತಗಳನ್ನು ತೆರೆಯುವ, ಓದುವ ಮತ್ತು ಬರೆಯುವ ಹಂತಗಳಲ್ಲಿ ತಲೆದೋರುವ ತೊಡಕುಗಳು. ಇಂತಹ ಸಂದರ್ಭಗಳಲ್ಲಿ ಕಡತವು ಸುಸ್ಥಿತಿಯಲ್ಲಿದ್ದರೂ ತಂತ್ರಾಂಶಕ್ಕೆ ಅದು ಸಿಗದೆ ಹೋಗಬಹುದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳಿಗೆ ಈ ತೊಡಕು ವಿಶೇಷವಾಗಿ ಅನ್ವಯಿಸುತ್ತದೆ.

ಹಿನ್ನೆಲೆ

ಯೂನಿಕ್ಸ್ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾಯಿತು. ಅದರ ವಿವಿಧ ರೂಪಗಳ ನಡುವೆ ಹೊಂದಾಣಿಕೆ ತರಲು ಪೊಸಿಕ್ಸ್ ಮಾನಕವು 1988ರಲ್ಲಿ ಪ್ರಕಟವಾಯಿತು. ಕನ್ನಡದ ಜನಪ್ರಿಯ ಬರವಣಿಗೆ ತಂತ್ರಾಂಶಗಳಾದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್‌ಗಾಗಿ ರೂಪುಗೊಂಡವು. ಅವುಗಳ ಹಳೆಯ, ಯೂನಿಕೋಡ್ ಅಲ್ಲದ ಕಡತಗಳನ್ನು ಲಿನಕ್ಸ್‌ನಲ್ಲಿ ತೆರೆದಾಗ ಕನ್ನಡದ ಬದಲು ಲ್ಯಾಟಿನ್ ಗುರುತುಗಳು ಕಾಣುವುದುಂಟು. ಇದು ಕಡತದ ದೋಷವಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದರೆ ಪಠ್ಯವು ಓದಲು ಬರುತ್ತದೆ.

ಸಾಮಾನ್ಯ ಕಾರಣಗಳು

* ಮಾರ್ಗಸೂಚಕ ಚಿಹ್ನೆ: ವಿಂಡೋಸ್ ಕಡತಕೋಶಗಳನ್ನು \ ಚಿಹ್ನೆಯಿಂದ ಬೇರ್ಪಡಿಸುತ್ತದೆ, ಯೂನಿಕ್ಸ್ / ಚಿಹ್ನೆಯಿಂದ. ಯೂನಿಕ್ಸ್‌ನಲ್ಲಿ \ ಚಿಹ್ನೆಯು ಕಡತದ ಹೆಸರಿನ ಭಾಗವೇ ಆಗಿಬಿಡುತ್ತದೆ.
* ದೊಡ್ಡಕ್ಷರ ಮತ್ತು ಸಣ್ಣಕ್ಷರ: ಲಿನಕ್ಸ್ ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳನ್ನು ಭಿನ್ನವೆಂದು ಎಣಿಸುತ್ತದೆ. ಕನ್ನಡದಲ್ಲಿ ಈ ಭೇದವಿಲ್ಲದಿದ್ದರೂ ಹೆಸರಿನ ಕೊನೆಯ ಇಂಗ್ಲಿಷ್ ವಿಸ್ತರಣೆಯಲ್ಲಿ ತೊಡಕಾಗಬಹುದು.
* ಸಾಲಿನ ಅಂತ್ಯ: ವಿಂಡೋಸ್ ಪಠ್ಯದಲ್ಲಿ ಸಾಲಿನ ಕೊನೆಗೆ ಎರಡು ಬೈಟ್‌ಗಳಿದ್ದರೆ ಯೂನಿಕ್ಸ್‌ನಲ್ಲಿ ಒಂದೇ. ಆಜ್ಞಾಕಡತದ ಮೊದಲ ಸಾಲಿನಲ್ಲಿ ಹೆಚ್ಚುವರಿ ಬೈಟ್ ಉಳಿದರೆ, ಕಡತವು ಕಣ್ಣೆದುರಿಗಿದ್ದರೂ ‘ಅಂತಹ ಕಡತವಿಲ್ಲ’ ಎಂಬರ್ಥದ ಸಂದೇಶ ಬರಬಹುದು.
* ಅನುಮತಿ: ಓದುವ, ಬರೆಯುವ ಮತ್ತು ಚಲಾಯಿಸುವ ಹಕ್ಕುಗಳು ಯೂನಿಕ್ಸ್‌ನಲ್ಲಿ ಪ್ರತ್ಯೇಕವಾಗಿವೆ.

ಕನ್ನಡ ಹೆಸರುಳ್ಳ ಕಡತಗಳು

ಲಿನಕ್ಸ್‌ಗೆ ಕಡತದ ಹೆಸರು ಅಕ್ಷರಗಳ ಸಾಲಲ್ಲ, ಬೈಟ್‌ಗಳ ಸಾಲು. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ಸಂಕೇತಬಿಂದುವೂ 3 ಬೈಟ್‌ಗಳನ್ನು ಬಳಸುತ್ತದೆ. ಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್ ಆದುದರಿಂದ ಅದರಲ್ಲಿ 85 ಕನ್ನಡ ಸಂಕೇತಬಿಂದುಗಳಷ್ಟೇ ಹಿಡಿಯುತ್ತವೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255ರವರೆಗೂ ಅವಕಾಶವಿದೆ. ಹೀಗಾಗಿ ಅಲ್ಲಿ ಉಳಿಸಿದ ಉದ್ದನೆಯ ಹೆಸರಿನ ಕಡತ ಲಿನಕ್ಸ್‌ಗೆ ನಕಲಾಗದೆ ಹೋಗಬಹುದು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ೀ, ೇ, ೈ, ೊ, ೋ ಎಂಬ ಐದು ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಕೂಡಿಸಿಯೂ ಬಿಡಿಸಿಯೂ ಬರೆಯಬಹುದು. ಉತ್ತರ ಬೆಂಗಳೂರಿನ ‘ಕೊಡಿಗೇಹಳ್ಳಿ’ಯ ಹೆಸರನ್ನೇ ಉದಾಹರಣೆಯಾಗಿ ನೋಡಬಹುದು. ಕೂಡಿಸಿದ ರೂಪದಲ್ಲಿ ಅದು 11 ಸಂಕೇತಬಿಂದುಗಳ, 33 ಬೈಟ್‌ಗಳ ಪದ. ‘ೊ’ ಮತ್ತು ‘ೇ’ ಚಿಹ್ನೆಗಳನ್ನು ಬಿಡಿಸಿದಾಗ 13 ಸಂಕೇತಬಿಂದುಗಳು, 39 ಬೈಟ್‌ಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಉಳಿಸುತ್ತಿತ್ತು. ಅಲ್ಲಿಂದ ಬಂದ ಕಡತವನ್ನು ಲಿನಕ್ಸ್‌ನಲ್ಲಿ ಕೀಲಿಮಣೆಯಿಂದ ಕೂಡಿಸಿದ ರೂಪದಲ್ಲಿ ಬೆರಳಚ್ಚಿಸಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಕೋಶದಲ್ಲಿ ನೋಟಕ್ಕೆ ಒಂದೇ ಹೆಸರಿನ ಎರಡು ಕಡತಗಳೂ ಇರಬಹುದು.

ದೋಷಪತ್ತೆ ಮತ್ತು ಪರಿಹಾರ

ಸಿ ಭಾಷೆಯಲ್ಲಿ ಕಡತ ತೆರೆಯುವ ಕರೆ ವಿಫಲವಾದರೆ ಕಾರಣವು ‘ಎರ್‌ನೋ’ ಎಂಬಲ್ಲಿ ದಾಖಲಾಗುತ್ತದೆ. ಮುಂದಿನ ಕರೆ ಅದನ್ನು ಬದಲಿಸಬಹುದಾದ್ದರಿಂದ ಕೂಡಲೇ ಓದಬೇಕು. ಲಿನಕ್ಸ್‌ನ ‘ಎಸ್‌ಟ್ರೇಸ್’ ಸಾಧನವು ತಂತ್ರಾಂಶ ಕೇಳಿದ ಹೆಸರನ್ನು ತೋರಿಸುತ್ತದೆ. ಕನ್ನಡ ಹೆಸರುಗಳು ಅದರಲ್ಲಿ ಬೈಟ್‌ಗಳ ಸಂಖ್ಯೆಗಳಾಗಿ ಕಾಣುವುದರಿಂದ ಎರಡು ರೂಪಗಳ ವ್ಯತ್ಯಾಸ ಬಯಲಾಗುತ್ತದೆ. ಸಾಲಿನ ಅಂತ್ಯವನ್ನು ‘ಡಾಸ್2ಯೂನಿಕ್ಸ್’ ಸರಿಪಡಿಸುತ್ತದೆ. ‘ಕಾನ್ವ್‌ಎಂವಿ’ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುತ್ತದೆ.

ನೋಟಕ್ಕೆ ಒಂದೇ ಹೆಸರಿನ ಎರಡು ಕಡತಗಳಿದ್ದಾಗ ಒಂದನ್ನು ನಕಲೆಂದು ಭಾವಿಸಿ ಅಳಿಸುವುದು ಅಪಾಯಕರ, ಏಕೆಂದರೆ ಅವುಗಳ ಒಳವಿಷಯ ಬೇರೆಯಾಗಿರಬಹುದು. ಮೊದಲು ಪ್ರತಿ ಮಾಡಿಟ್ಟುಕೊಂಡು, ಎರಡನ್ನೂ ಹೋಲಿಸಿದ ನಂತರವೇ ಹೆಸರು ಬದಲಿಸುವುದು ಸೂಕ್ತ.